ಕರವಸ್ತ್ರ ಮತ್ತು ಮುದ್ರೆ: ಬೀದರಿನಲ್ಲಿ ಓದಿದ ಒಥೆಲೊ ಪ್ರಕರಣ

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಪ್ರಕರಣ ಹೀಗಿದೆ. ವೆನಿಸ್ ಗಣರಾಜ್ಯದ ಸೇವೆಯಲ್ಲಿದ್ದ ಮೂರ್, ಎಂದರೆ ಆಫ್ರಿಕಾ ಮೂಲದ, ಸೇನಾಪತಿ ಒಥೆಲೊ, ತಂದೆಗೆ ಹೇಳದೆ ತನ್ನನ್ನು ಮದುವೆಯಾಗಿ ಬಂದ ಡೆಸ್ಡಿಮೋನಾಳನ್ನು ಸೈಪ್ರಸ್ ದ್ವೀಪದ ಕೋಟೆಯಲ್ಲಿ, ಅವಳದೇ ಹಾಸಿಗೆಯ ಮೇಲೆ, ಉಸಿರುಗಟ್ಟಿಸಿ ಕೊಲ್ಲುತ್ತಾನೆ. ತನ್ನ ಉಪಸೇನಾನಿ ಕ್ಯಾಸಿಯೊನೊಡನೆ ಅವಳಿಗೆ ಸಂಬಂಧವಿದೆ ಎಂಬುದು ಆರೋಪ. ಆರೋಪವನ್ನು ತಂದವನು ಧ್ವಜಾಧಿಕಾರಿ ಇಯಾಗೊ. ಕೈಗೆ ಸಿಗುವ ಸಾಕ್ಷ್ಯವೆಂದು ಇಡೀ ಕಡತದಲ್ಲಿರುವುದು ಸ್ಟ್ರಾಬೆರಿ ಹಣ್ಣಿನ ಕಸೂತಿಯುಳ್ಳ ಒಂದು ಕರವಸ್ತ್ರ ಮಾತ್ರ. ತೀರ್ಪು ಕೊಟ್ಟವನೂ ಅದನ್ನು ಜಾರಿ ಮಾಡಿದವನೂ ಗಂಡನೇ. ಕೊಲೆಯಾದ ಕೆಲವೇ ನಿಮಿಷಗಳಲ್ಲಿ ಆರೋಪ ಸುಳ್ಳೆಂದು ಸಾಬೀತಾಗುತ್ತದೆ.

ಬೀದರಿನ ಹಳೆಯ ಪಟ್ಟಣದಲ್ಲಿ ಸಂಜೆ ಹೊತ್ತು ಕೂಡಿ ನಾಟಕ ಓದುವ ನಮ್ಮ ಗುಂಪಿನಲ್ಲಿ ಕಾಲೇಜು ಉಪನ್ಯಾಸಕರು, ಹವ್ಯಾಸಿ ನಟರು ಮತ್ತು ಒಬ್ಬಿಬ್ಬರು ವಕೀಲರು ಇದ್ದಾರೆ. ಈ ನಾಟಕ ಕನ್ನಡಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೈಸೂರಿನ ಬಸವಪ್ಪಶಾಸ್ತ್ರಿಗಳು ಇದನ್ನು ‘ಶೂರಸೇನ ಚರಿತ್ರೆ’ಯಾಗಿ ರೂಪಾಂತರಿಸಿದ್ದರು. ಅಸೂಯೆಯ ಕಥೆಯೆಂದು ಇದನ್ನು ಎಲ್ಲರೂ ಓದಿರುತ್ತಾರೆ. ನಾವು ಇದನ್ನು ಕೋರ್ಟಿನ ಕಡತದಂತೆ ಓದಲು ಹೊರಟದ್ದಕ್ಕೆ ಕಾರಣ ಗುಂಪಿನ ವಕೀಲರೊಬ್ಬರ ಒಂದೇ ಪ್ರಶ್ನೆ. ನಾಟಕದ ಮೂರನೆಯ ಅಂಕ ಮುಗಿಯುತ್ತಿದ್ದಂತೆ ಅವರು, “ಇದು ಯಾವಾಗ ಆಗೇದ, ಎಲ್ಲಿ ಆಗೇದ ಅಂತ ಯಾರೂ ಕೇಳೇ ಇಲ್ಲಲ್ರೀ” ಎಂದರು. ಆ ಪ್ರಶ್ನೆಯನ್ನು ಹಿಡಿದು ಹಿಂದಿನಿಂದ ಓದುತ್ತ ಹೋದಾಗ, ಅಸೂಯೆ ಎಂಬ ಒಂದೇ ಮಾತಿನಿಂದ ಈ ಕೊಲೆಯನ್ನು ವಿವರಿಸಿ ಮುಗಿಸಲಾಗದು ಎಂಬುದು ನನಗೆ ಖಚಿತವಾಯಿತು. ಒಥೆಲೊನ ತಪ್ಪು ಅವನು ಸಂಶಯಪಟ್ಟದ್ದರಲ್ಲಿಲ್ಲ. ವಿಚಾರಣೆಯ ಕ್ರಮವನ್ನು ತಾನೇ ಬಲ್ಲವನಾಗಿದ್ದೂ, ತನಗೆ ಅದರಿಂದಲೇ ನ್ಯಾಯ ಸಿಕ್ಕಿದ್ದೂ, ಹೆಂಡತಿಗೆ ಅದನ್ನು ನಿರಾಕರಿಸಿದ್ದರಲ್ಲಿದೆ.

ಮೊದಲ ಅಂಕದ ವಿಚಾರಣೆ

ಇದನ್ನು ಅರಿಯಲು ಕೊಲೆಯ ದೃಶ್ಯಕ್ಕಿಂತ ಮೊದಲು ವೆನಿಸ್ಸಿನ ಸಭಾಸದನದ ದೃಶ್ಯಕ್ಕೆ ಹೋಗಬೇಕು. ಅಲ್ಲಿ ಒಂದೇ ರಾತ್ರಿ ಎರಡು ವಿಷಯಗಳು ವಿಚಾರಣೆಗೆ ಬರುತ್ತವೆ. ಮೊದಲನೆಯದು ತುರ್ಕಿ ನೌಕಾಪಡೆಯ ಸುದ್ದಿ. ಒಬ್ಬನ ಕೈಯಲ್ಲಿರುವ ಪತ್ರ 107 ಹಡಗುಗಳೆನ್ನುತ್ತದೆ, ಇನ್ನೊಬ್ಬನದು 140, ಮತ್ತೊಬ್ಬನದು 200. ಲೆಕ್ಕ ಹೊಂದದಿದ್ದರೂ ಸೈಪ್ರಸ್ಸಿನ ಕಡೆಗೆ ಪಡೆ ಬರುತ್ತಿರುವುದು ಎಲ್ಲ ಪತ್ರಗಳಲ್ಲೂ ಸಮಾನವೆಂದು ವೆನಿಸ್ಸಿನ ಆಡಳಿತ ಮುಖ್ಯಸ್ಥನಾದ ಡ್ಯೂಕ್ ಗುರುತಿಸುತ್ತಾನೆ. ಅಷ್ಟರಲ್ಲಿ ಪಡೆ ರೋಡ್ಸ್ ದ್ವೀಪದತ್ತ ತಿರುಗಿತೆಂಬ ಸುದ್ದಿ ಬರುತ್ತದೆ. ಸಭಾಸದನೊಬ್ಬ ಅದನ್ನು ತೂಗಿ ನೋಡಿ, ಇದು ನಮ್ಮ ಕಣ್ಣು ತಪ್ಪಿಸಲು ಹೂಡಿದ ಆಟ, ಸೈಪ್ರಸ್ ತುರ್ಕರಿಗೆ ಹೆಚ್ಚು ಬೇಕಾದದ್ದು ಮತ್ತು ಹೆಚ್ಚು ಸುಲಭವಾದದ್ದು ಎಂದು ತರ್ಕಿಸುತ್ತಾನೆ. ಅವನ ಮಾತೇ ನಿಜವಾಗುತ್ತದೆ. ನಾಟಕ ಪ್ರದರ್ಶಿಸುವವರು ಬೇಸರವೆಂದು ಸಾಮಾನ್ಯವಾಗಿ ಕತ್ತರಿಸುವ ಭಾಗ ಇದು. ಇದನ್ನು ಕತ್ತರಿಸಿದರೆ ನಾಟಕದ ಅರ್ಧ ವಾದವೇ ಹೋಗುತ್ತದೆಂದು ನನ್ನ ಅಭಿಪ್ರಾಯ. ಸುಳ್ಳು ಸುದ್ದಿಯನ್ನು ನಿಜದಿಂದ ಬೇರ್ಪಡಿಸುವುದು ಹೇಗೆಂಬುದನ್ನು ಶೇಕ್ಸ್‌ಪಿಯರ್ ಇಲ್ಲಿ ಮೊದಲೇ ತೋರಿಸಿಬಿಟ್ಟಿದ್ದಾನೆ.

ಎರಡನೆಯದು ಒಥೆಲೊನ ಮೇಲಿನ ದೂರು. ಮದ್ದು, ಮಾಟಗಳಿಂದ ಮಗಳ ಮನಸ್ಸು ಕೆಡಿಸಿದನೆಂದು ಡೆಸ್ಡಿಮೋನಾಳ ತಂದೆ ಬ್ರಬಾನ್ಷಿಯೊ ಆರೋಪಿಸುತ್ತಾನೆ. ದೂರುದಾರ ಗಣ್ಯ ಸಭಾಸದ. ಆರೋಪಿ ಪರದೇಶಿ, ಕರಿಯ. ಡ್ಯೂಕನ ಉತ್ತರ ಮಾತ್ರ ನೇರವಾಗಿದೆ: ಹೇಳಿಕೆಯೇ ಪುರಾವೆಯಲ್ಲ, ಇನ್ನೂ ಗಟ್ಟಿಯಾದದ್ದನ್ನು ತನ್ನಿ. ಒಥೆಲೊ ತನ್ನ ಕಥೆ ಹೇಳುವ ಮೊದಲೇ ಒಂದು ಬೇಡಿಕೆಯಿಡುತ್ತಾನೆ. ಅವಳನ್ನೇ ಕರೆಸಿರಿ, ತಂದೆಯ ಎದುರಿಗೆ ಅವಳೇ ಮಾತನಾಡಲಿ, ನಾನು ತಪ್ಪಿತಸ್ಥನೆಂದು ಕಂಡರೆ ಪ್ರಾಣವನ್ನೇ ತೆಗೆಯಿರಿ ಎನ್ನುತ್ತಾನೆ. ಡೆಸ್ಡಿಮೋನಾ ಬರುತ್ತಾಳೆ, ಮಾತನಾಡುತ್ತಾಳೆ, ಒಥೆಲೊ ಬಿಡುಗಡೆಯಾಗುತ್ತಾನೆ.

ಕೊನೆಯ ಅಂಕದಲ್ಲಿ, ಹಾಸಿಗೆಯ ಮೇಲೆ, ಡೆಸ್ಡಿಮೋನಾ ಇಡುವ ಬೇಡಿಕೆಯೂ ಇದೇ: ಆ ಕರವಸ್ತ್ರವನ್ನು ನಾನು ಕೊಟ್ಟಿಲ್ಲ, ಆ ಮನುಷ್ಯನನ್ನೇ ಕರೆಸಿ ಕೇಳು. ಅಷ್ಟು ಹೊತ್ತಿಗೆ ಒಥೆಲೊ ಕ್ಯಾಸಿಯೊನನ್ನು ಕೊಲ್ಲಲು ಅಪ್ಪಣೆ ಕೊಟ್ಟಾಗಿದೆ, ಅವನು ಸತ್ತನೆಂದೇ ನಂಬಿದ್ದಾನೆ. ಕರೆಸಬೇಕಾದ ಸಾಕ್ಷಿಯನ್ನು ನ್ಯಾಯಾಧೀಶನೇ ಮುಗಿಸಲು ಕಳಿಸಿಯಾದ ಮೇಲೆ ಆರೋಪಿಗೆ ಆರೋಪ ತಿಳಿಯುತ್ತದೆ. ಇದಕ್ಕೂ ಮೊದಲು, ನಾಲ್ಕನೆಯ ಅಂಕದಲ್ಲಿ ಅವಳನ್ನು ಕೋಣೆಯಲ್ಲಿ ನಿಲ್ಲಿಸಿಕೊಂಡು ಬೈಯುವಾಗ ಅವನು ಕ್ಯಾಸಿಯೊನ ಹೆಸರನ್ನೇ ಎತ್ತುವುದಿಲ್ಲ. ತಾನು ಅರಿಯದೆ ಮಾಡಿದ ಪಾಪ ಯಾವುದೆಂದು ಅವಳು ಕೇಳಿದರೆ, ಉತ್ತರವಾಗಿ ಸಿಗುವುದು ಬೈಗುಳ ಮಾತ್ರ.

ಇಯಾಗೊನ ಕೈಚಳಕ

ಇಯಾಗೊ ಸುಳ್ಳು ಹೇಳಿ ಗೆದ್ದನೆಂಬುದು ಅರ್ಧ ಸತ್ಯ. ಮೂರನೆಯ ಅಂಕದ ಮೂರನೆಯ ದೃಶ್ಯದ ಮೊದಲ ಭಾಗದಲ್ಲಿ ಅವನು ಹೇಳುವ ನೇರ ಸುಳ್ಳುಗಳು ಬಹಳ ಕಡಿಮೆ. ಕ್ಯಾಸಿಯೊ ಡೆಸ್ಡಿಮೋನಾಳ ಬಳಿಯಿಂದ ಎದ್ದು ಹೋಗುವುದನ್ನು ಕಂಡು, ತನಗಿದು ಸರಿಬರಲಿಲ್ಲವೆಂದು ಗೊಣಗುತ್ತಾನೆ. ಏನೆಂದೆ ಎಂದು ಒಥೆಲೊ ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ಈಗ ನನ್ನ ಹೆಂಡತಿಯ ಬಳಿಯಿಂದ ಹೋದವನು ಕ್ಯಾಸಿಯೊ ಅಲ್ಲವೇ ಎಂದು ಹೆಸರು ತೆಗೆಯುವವನು ಒಥೆಲೊನೇ. ಅದಾದ ಮೇಲೆ ಇಯಾಗೊ ಮಾಡುವುದು ಒಥೆಲೊನ ಪ್ರಶ್ನೆಗಳನ್ನು ಅವನಿಗೇ ಮರಳಿಸುವುದು, ಅರ್ಧದಲ್ಲಿ ನಿಲ್ಲಿಸುವುದು, ಹೇಳಲಾರೆನೆಂದು ಬೇಡಿಕೊಳ್ಳುವುದು, ಮತ್ತು ಅಸೂಯೆಪಡಬೇಡಿ ಸ್ವಾಮಿ ಎಂದು ಎಚ್ಚರಿಸುವುದು. ಅಸೂಯೆ ಎಂಬ ಮಾತು ಒಥೆಲೊನ ತಲೆಗೆ ಬರುವುದೇ ಆ ಎಚ್ಚರಿಕೆಯಿಂದ. ನಮ್ಮ ಓದಿನಲ್ಲಿ ಇಯಾಗೊನ ಪಾತ್ರ ಓದುತ್ತಿದ್ದ ಯುವನಟ ಮೊದಮೊದಲು ಕುತಂತ್ರಿಯ ದನಿಯಲ್ಲಿ ಓದಿದ, ದೃಶ್ಯ ನಂಬಲಾಗದಂತಾಯಿತು. ನಿಜವಾಗಿಯೂ ಹೇಳಲು ಮನಸ್ಸಿಲ್ಲದವನಂತೆ, ಸಾಲುಗಳ ನಡುವೆ ತಡೆದು ತಡೆದು ಓದಿದಾಗ ಕೇಳುತ್ತಿದ್ದವರೇ ಮುಂದೇನೆಂದು ತಿಳಿಯಲು ಮುಂದಕ್ಕೆ ಬಾಗಿದರು.

ಎರಡನೆಯ ಉಪಾಯ ಇನ್ನೂ ಒಳಗಿನದು. ವೆನಿಸ್ಸಿನ ಹೆಂಗಸರ ರೀತಿ ನಮ್ಮ ನಾಡಿನವನಾದ ನಾನು ಬಲ್ಲೆ, ಅವರು ದೇವರಿಗೆ ಕಾಣಿಸುವುದನ್ನು ಗಂಡಂದಿರಿಗೆ ಕಾಣಿಸುವುದಿಲ್ಲ ಎಂದು ಇಯಾಗೊ ಹೇಳಿದಾಗ, ಒಥೆಲೊನ ಬಳಿ ಅದನ್ನು ಪರೀಕ್ಷಿಸುವ ಸಾಧನವೇ ಇಲ್ಲ. ಏಳು ವರ್ಷದವನಿದ್ದಾಗಿನಿಂದ ರಣಭೂಮಿಯಲ್ಲೇ ಬೆಳೆದವನು ತಾನೆಂದು ಅವನೇ ಹೇಳಿಕೊಂಡಿದ್ದಾನೆ. ಆಮೇಲೆ ಇಯಾಗೊ, ಅವಳು ನಿಮ್ಮನ್ನು ಮದುವೆಯಾಗಲು ತಂದೆಗೇ ಮೋಸ ಮಾಡಿದವಳು ಎಂದು ನೆನಪಿಸುತ್ತಾನೆ. ಇದು ನಿಜ. ಬ್ರಬಾನ್ಷಿಯೊ ಸಭೆಯಿಂದ ಹೊರಡುವಾಗ ಹೇಳಿದ್ದ ಮಾತೂ ಇದೇ. ಒಥೆಲೊನ ಮೇಲೆ ಅವಳಿಟ್ಟ ಪ್ರೀತಿಯ ಪುರಾವೆಯನ್ನೇ ಇಯಾಗೊ ಅವಳ ಮೇಲಿನ ಪುರಾವೆಯಾಗಿ ತಿರುಗಿಸುತ್ತಾನೆ.

ಇಯಾಗೊನಿಗೆ ಇಷ್ಟು ದ್ವೇಷವೇಕೆ ಎಂಬ ಚರ್ಚೆ ಹಳೆಯದು. ನಿಮಿತ್ತವೇ ಇಲ್ಲದ ಕೇಡು ನಿಮಿತ್ತಗಳನ್ನು ಹುಡುಕುತ್ತಿದೆ ಎಂಬರ್ಥದಲ್ಲಿ ಇಂಗ್ಲಿಷ್ ಕವಿ, ವಿಮರ್ಶಕ ಕೋಲ್‌ರಿಜ್ ಬರೆದದ್ದು ಪ್ರಸಿದ್ಧವಾಗಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ತನಗೆ ಬರಬೇಕಿದ್ದ ಉಪಸೇನಾನಿಯ ಹುದ್ದೆ ಯುದ್ಧವನ್ನೇ ನೋಡದ, ಲೆಕ್ಕಪತ್ರದ ಕ್ಯಾಸಿಯೊಗೆ ಹೋಯಿತೆಂಬ ಕಹಿಯನ್ನು ಅವನು ನಾಟಕದ ಮೊದಲ ಮಾತುಗಳಲ್ಲೇ ಹೊರಹಾಕುತ್ತಾನೆ. ಬಡ್ತಿ ತಪ್ಪಿದವನ ಹೊಟ್ಟೆಕಿಚ್ಚು ಏನೇನು ಮಾಡಬಲ್ಲದೆಂಬುದನ್ನು ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಕಳೆದ ಯಾರಿಗೂ ವಿವರಿಸಬೇಕಾಗಿಲ್ಲ.

ಪುರಾವೆ

ಒಥೆಲೊ ತನ್ನ ವಿಚಾರಣಾ ನಿಯಮವನ್ನು ತಾನೇ ಘೋಷಿಸುತ್ತಾನೆ: ಸಂಶಯಪಡುವ ಮೊದಲು ನೋಡುತ್ತೇನೆ, ಸಂಶಯ ಬಂದರೆ ಸಾಬೀತುಪಡಿಸಿಕೊಳ್ಳುತ್ತೇನೆ, ಸಾಬೀತಾದರೆ ಪ್ರೀತಿ ಅಥವಾ ಅಸೂಯೆ ಎರಡರಲ್ಲೊಂದು ಅಲ್ಲಿಗೇ ಮುಗಿಯಿತು. ಕೇಳಲು ನಿಷ್ಪಕ್ಷಪಾತವಾಗಿದೆ. ಸ್ವಲ್ಪ ಹೊತ್ತಿನಲ್ಲೇ ಅವನು ಇಯಾಗೊನ ಕುತ್ತಿಗೆ ಹಿಡಿಯುವಷ್ಟು ಕೆರಳಿ, ಕಣ್ಣಿಗೆ ಕಾಣುವ ಪುರಾವೆ ಕೊಡು ಎಂದು ಗದರಿಸುತ್ತಾನೆ. ಇಯಾಗೊ ಅದನ್ನು ಅಸಾಧ್ಯವೆಂದು ತೋರಿಸಿ, ಅದರ ಜಾಗದಲ್ಲಿ ಬಲವಾದ ಸಂದರ್ಭಗಳು ಸಾಕೇ ಎಂದು ಕೇಳುತ್ತಾನೆ. ಪುರಾವೆಯ ಮಟ್ಟವನ್ನು ದೂರುದಾರನೇ ಇಳಿಸಿದ, ನ್ಯಾಯಾಧೀಶ ಸುಮ್ಮನೆ ಒಪ್ಪಿದ. ಮುಂದೆ ಬರುವುದು ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದನೆಂಬ ಕಥೆ. ಅದು ಬರಿಯ ಕನಸು ಎಂದು ಇಯಾಗೊನೇ ಹೇಳಿದರೂ, ಆಗಿಹೋದದ್ದರ ಸೂಚನೆ ಅದೆಂದು ವಾದಿಸುವವನು ಒಥೆಲೊ. ಆಮೇಲೆ ಕರವಸ್ತ್ರ: ಅಂಥದ್ದೊಂದರಿಂದ ಕ್ಯಾಸಿಯೊ ಗಡ್ಡ ಒರೆಸಿಕೊಳ್ಳುವುದನ್ನು ಇವತ್ತು ಕಂಡೆ ಎಂಬ ಒಂದು ಮಾತು. ವಸ್ತುವನ್ನು ಒಥೆಲೊ ನೋಡಿಯೂ ಇಲ್ಲ. ಆದರೂ ಈಗ ನಿಜವೆಂದು ಕಂಡೆ ಎಂದು ಘೋಷಿಸಿ, ಮೂರು ದಿನಗಳೊಳಗೆ ಕ್ಯಾಸಿಯೊ ಬದುಕಿರಬಾರದೆಂದು ಅದೇ ದೃಶ್ಯದಲ್ಲಿ ಆಜ್ಞೆ ಮಾಡುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಪ್ರತ್ಯಕ್ಷವೂ ಇಲ್ಲ.

1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ, ಒಂದು ಕರವಸ್ತ್ರಕ್ಕೆ ಇಷ್ಟೊಂದು ರಗಳೆಯೇ, ಇದನ್ನು ಕರವಸ್ತ್ರದ ದುರಂತವೆಂದೇ ಕರೆಯಬಹುದಿತ್ತಲ್ಲ ಎಂದು ಗೇಲಿ ಮಾಡಿದ. ರೈಮರ್ ಒಂದು ಸಂಗತಿಯನ್ನು ಗಮನಿಸಬೇಕಿತ್ತು. ಆ ಕರವಸ್ತ್ರ ಕಳೆದದ್ದು ಎಲ್ಲಿ? ಅದೇ ದೃಶ್ಯದ ನಡುವೆ, ಒಥೆಲೊ ತಲೆನೋವೆಂದಾಗ ಡೆಸ್ಡಿಮೋನಾ ಅದನ್ನು ಅವನ ಹಣೆಗೆ ಕಟ್ಟಲು ಬರುತ್ತಾಳೆ. ಇದು ತೀರ ಚಿಕ್ಕದೆಂದು ಅವನು ಸರಿಸುತ್ತಾನೆ, ಅದು ಕೆಳಗೆ ಬೀಳುತ್ತದೆ, ಇರಲಿ ಬಿಡು ಎಂದು ಹೇಳಿ ಅವಳನ್ನು ಒಳಗೆ ಕರೆದೊಯ್ಯುತ್ತಾನೆ. ಬಿದ್ದದ್ದು ಅವನ ಎದುರಿಗೆ, ಬಿಟ್ಟು ಹೋದದ್ದು ಅವನ ಮಾತಿನಿಂದ. ಆ ವಸ್ತು ಹೆಂಡತಿಯ ಕೈತಪ್ಪಿದ್ದು ಹೇಗೆಂಬುದಕ್ಕೆ ಇಡೀ ಸೈಪ್ರಸ್ಸಿನಲ್ಲಿ ಅವನಿಗಿಂತ ಒಳ್ಳೆಯ ಸಾಕ್ಷಿಯಿಲ್ಲ, ಆದರೆ ಅವನಿಗೆ ಅದು ನೆನಪೇ ಆಗುವುದಿಲ್ಲ. ಈ ಕ್ಷಣವನ್ನು ರಂಗದ ಮೇಲೆ ಹೇಗೆ ತರಬೇಕೆಂದು ನಮ್ಮಲ್ಲಿ ದೊಡ್ಡ ವಾಗ್ವಾದವಾಯಿತು. ಒಥೆಲೊ ಅದನ್ನು ಕಿತ್ತೆಸೆಯಬೇಕೆಂದು ಕೆಲವರು, ಅವಳ ಕೈಯಿಂದ ತಾನಾಗಿ ಜಾರಬೇಕೆಂದು ಕೆಲವರು. ನನ್ನ ಮತ ಎರಡರ ನಡುವಿನದು: ಅವನ ಕೈ ತಾಗಿ ಅದು ಬೀಳಬೇಕು, ಅವನ ಕಣ್ಣು ಒಂದು ಗಳಿಗೆ ಅದರ ಮೇಲೆ ಹೋಗಬೇಕು. ಇಲ್ಲವಾದರೆ ಅದನ್ನು ಎತ್ತಿಕೊಂಡು ಇಯಾಗೊನಿಗೆ ಕೊಡುವ, ಅವನ ಹೆಂಡತಿಯೂ ಡೆಸ್ಡಿಮೋನಾಳ ಸೇವಕಿಯೂ ಆದ ಎಮಿಲಿಯಾಳ ಮೇಲೆಯೇ ಪ್ರೇಕ್ಷಕ ಎಲ್ಲ ಭಾರವನ್ನೂ ಹಾಕಿಬಿಡುತ್ತಾನೆ.

ಎಮಿಲಿಯಾಳ ಪಾತ್ರ ಶೇಕ್ಸ್‌ಪಿಯರ್ ತಿದ್ದಿ ಮಾಡಿಕೊಂಡದ್ದು. ಅವನು ಕಥೆಯನ್ನು ಎತ್ತಿಕೊಂಡ ಚಿಂತಿಯೊನ 1565ರ ಇಟಾಲಿಯನ್ ಸಂಕಲನದಲ್ಲಿ, ಡೆಸ್ಡಿಮೋನಾ ಧ್ವಜಾಧಿಕಾರಿಯ ಪುಟ್ಟ ಮಗಳನ್ನು ಎತ್ತಿ ಆಡಿಸುತ್ತಿರುವಾಗ ಅವನೇ ಅವಳ ನಡುವಿನಿಂದ ಕರವಸ್ತ್ರವನ್ನು ಕದಿಯುತ್ತಾನೆ. ನಾಟಕದಲ್ಲಿ ಅದು ಎಮಿಲಿಯಾಳ ಕೈದಾಟಿ ಹೋಗುವುದರಿಂದ, ಸತ್ಯ ಬಲ್ಲ ಸಾಕ್ಷಿಯೊಬ್ಬಳು ಕೊನೆಯವರೆಗೆ ಆ ಮನೆಯಲ್ಲೇ ಓಡಾಡಿಕೊಂಡಿರುತ್ತಾಳೆ. ಕರವಸ್ತ್ರ ಎಲ್ಲಿ ಕಳೆಯಿತೋ ಎಂದು ಒಡತಿ ಪರದಾಡುವಾಗ ಅವಳು ಗೊತ್ತಿಲ್ಲವೆನ್ನುತ್ತಾಳೆ. ಒಥೆಲೊ ಅವಳನ್ನು ವಿಚಾರಿಸುವುದೂ ಉಂಟು. ಡೆಸ್ಡಿಮೋನಾ ಪರಿಶುದ್ಧಳೆಂದು ಎಮಿಲಿಯಾ ಆಣೆಯಿಟ್ಟು ಹೇಳಿದರೆ, ಕುಂಟಣಿಯಾದವಳು ಇಷ್ಟೂ ಹೇಳದಿರುತ್ತಾಳೆಯೇ ಎಂದು ತಳ್ಳಿಹಾಕುತ್ತಾನೆ. ಆದ್ದರಿಂದ ಒಥೆಲೊನದು ಹಿತ್ತಾಳೆ ಕಿವಿ ಎಂದು ಹೇಳಿ ಮುಗಿಸುವವರ ಮಾತನ್ನು ನಾನು ಒಪ್ಪಲಾರೆ. ಹಿತ್ತಾಳೆ ಕಿವಿಯವನು ಎಲ್ಲರ ಮಾತನ್ನೂ ನಂಬುತ್ತಾನೆ. ಇವನು ಆರೋಪಕ್ಕೆ ಪೂರಕವಾದುದನ್ನು ಪುರಾವೆಯೆಂದೂ ವಿರುದ್ಧವಾದುದನ್ನು ಪಿತೂರಿಯೆಂದೂ ಎಣಿಸುತ್ತಾನೆ.

ವಕೀಲರ ಪ್ರಶ್ನೆಗೆ ಮರಳುವುದಾದರೆ, ಸಂಬಂಧ ನಡೆದದ್ದು ಯಾವಾಗ? ಕ್ಯಾಸಿಯೊ ಮತ್ತು ಡೆಸ್ಡಿಮೋನಾ ಬೇರೆ ಬೇರೆ ಹಡಗುಗಳಲ್ಲಿ ಸೈಪ್ರಸ್ಸಿಗೆ ಬಂದರು. ದೃಶ್ಯಗಳನ್ನು ಒಂದರ ಹಿಂದೊಂದು ಎಣಿಸಿದರೆ ಬಂದಿಳಿದ ಮರುದಿನದ ರಾತ್ರಿಯೇ ಕೊಲೆಯಾಗುತ್ತದೆ. ಆದರೆ ಕ್ಯಾಸಿಯೊನ ಪ್ರೇಯಸಿ ಬಿಯಾಂಕಾ ಎಂಬವಳು ಕ್ಯಾಸಿಯೊ ಒಂದು ವಾರ, ಎಂದರೆ ನೂರರವತ್ತೆಂಟು ಗಂಟೆ, ತನ್ನತ್ತ ಬಂದಿಲ್ಲವೆಂದು ಲೆಕ್ಕ ಹೇಳುತ್ತಾಳೆ. ಈ ಎರಡು ಗಡಿಯಾರಗಳ ಬಗ್ಗೆ ವಿಮರ್ಶಕರು ಬಹಳ ಬರೆದಿದ್ದಾರೆ. ರಂಗದಲ್ಲಿ ಪ್ರೇಕ್ಷಕನಿಗೂ ಇದು ಹೊಳೆಯುವುದಿಲ್ಲ. ಇಯಾಗೊ ಒಥೆಲೊನಿಗೆ ಕೊಡದ ಬಿಡುವನ್ನು ನಾಟಕ ನಮಗೂ ಕೊಡುವುದಿಲ್ಲ. ಸಾವಿರ ಸಲ ನಡೆಯಿತೆಂದು ಒಥೆಲೊ ಕೊನೆಯಲ್ಲಿ ಹೇಳುತ್ತಾನೆ. ಒಂದು ಸಲಕ್ಕಾದರೂ ದಿನ, ಹೊತ್ತು, ಸ್ಥಳ ಕೇಳಿದ್ದರೆ ಇಯಾಗೊ ತಡವರಿಸಬೇಕಾಗುತ್ತಿತ್ತು.

ಬೀದರಿನ ಹೋಲಿಕೆ

ಇಲ್ಲಿ ಗುಂಪಿನ ಹಿರಿಯರೊಬ್ಬರು ಖ್ವಾಜಾ ಮಹಮೂದ್ ಗವಾನನನ್ನು ಎಳೆದು ತಂದರು. ಬೀದರಿನಲ್ಲಿ ಯಾವ ಮಾತು ತೆಗೆದರೂ ಕೊನೆಗೆ ಗವಾನನ ಮದ್ರಸಾದ ಬಳಿ ಬಂದು ನಿಲ್ಲುವುದುಂಟು, ಆದ್ದರಿಂದ ಮೊದಲು ನಾನು ಒಲ್ಲದ ಮನಸ್ಸಿನಿಂದಲೇ ಕೇಳಿದೆ. ಹೋಲಿಕೆ ಮಾತ್ರ ಗಟ್ಟಿಯಾಗಿಯೇ ಇದೆ.

ಇರಾನಿನ ಗೀಲಾನದಿಂದ ವ್ಯಾಪಾರಿಯಾಗಿ ಬಂದ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಮದ್ರಸಾ ಕಟ್ಟಿಸಿದ. ರಾಜ್ಯದ ನಾಲ್ಕು ತರಫುಗಳನ್ನು, ಎಂದರೆ ಪ್ರಾಂತ್ಯಗಳನ್ನು, ಎಂಟಾಗಿ ಒಡೆದು, ಪ್ರತಿ ತರಫುದಾರನ ಕೈಯಲ್ಲಿ ಒಂದೇ ಕೋಟೆ ಉಳಿಯುವಂತೆ ಮಾಡಿದ. ಅಧಿಕಾರ ಕಳೆದುಕೊಂಡ ಸರದಾರರಿಗೆ, ಅದರಲ್ಲೂ ಸ್ಥಳೀಯರಾದ ದಖನಿ ಪಕ್ಷದವರಿಗೆ, ಪರದೇಶಿಯಾದ ಅವನ ಏಳಿಗೆ ಕಣ್ಣುಕಿಸುರಾಯಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ, ಅಂದರೆ ಸುಮಾರು ಒಥೆಲೊ ರಂಗಕ್ಕೆ ಬಂದ ಕಾಲದಲ್ಲೇ, ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ಹೇಳುವಂತೆ, ಪಿತೂರಿಗಾರರು ಗವಾನನ ಮುದ್ರೆ ಕಾಯುವ ಗುಲಾಮನನ್ನು ಒಲಿಸಿಕೊಂಡು, ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ಅರಸನಿಗೆ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆ ಕೊಡುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಸುಲ್ತಾನ ಗವಾನನನ್ನು ಕರೆಸಿ, ಒಡೆಯನಿಗೆ ದ್ರೋಹ ಬಗೆದವನಿಗೆ ಯಾವ ಶಿಕ್ಷೆ ಎಂದು ಕೇಳಿದ. ಕತ್ತಿ ಎಂದು ಗವಾನ್ ಉತ್ತರಿಸಿದ. ಆಮೇಲೆ ಪತ್ರ ತೋರಿಸಿದರು. ಮುದ್ರೆ ನನ್ನದೇ, ಬರಹದ ವಿಷಯ ನನಗೆ ತಿಳಿಯದು ಎಂದು ಅವನು ಹೇಳಿದ. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನ ಆ ಮನುಷ್ಯನ ತಲೆ ಹೋಯಿತು.

ಎರಡು ಪ್ರಕರಣಗಳಲ್ಲೂ ವಸ್ತು ಅಸಲಿ, ಅದಕ್ಕೆ ಕಟ್ಟಿದ ಕಥೆ ನಕಲಿ. ಕರವಸ್ತ್ರ ನಿಜಕ್ಕೂ ಡೆಸ್ಡಿಮೋನಾಳದು, ಮುದ್ರೆ ನಿಜಕ್ಕೂ ಗವಾನನದು. ಆರೋಪಿಗಳು ಅಲ್ಲಗಳೆಯಬೇಕಾದದ್ದು ವಸ್ತುವನ್ನಲ್ಲ, ಅದು ಸಾಗಿಬಂದ ದಾರಿಯನ್ನು. ಆ ದಾರಿ ಅವರ ಕಣ್ಣಿಗೆ ಕಾಣದ್ದು. ಖಾಲಿ ಕಾಗದದ ಮೇಲೆ ಮುದ್ರೆ ಬಿದ್ದಿರಬಹುದೇ ಎಂದು ಗುಲಾಮನನ್ನು ಕೇಳಿದ್ದರೆ ಸಾಕಿತ್ತು. ಎಮಿಲಿಯಾಳನ್ನು ಕರವಸ್ತ್ರದ ಬಗ್ಗೆ ಕೇಳಿದ್ದರೂ ಸಾಕಿತ್ತು; ಒಥೆಲೊ ಅವಳಿಗೆ ಬೇರೆಲ್ಲವನ್ನೂ ಕೇಳಿ ಅದೊಂದನ್ನು ಕೇಳಲಿಲ್ಲ. ಇನ್ನು ವ್ಯತ್ಯಾಸವೂ ಇದೆ, ಅದನ್ನು ಮುಚ್ಚಿಡಬಾರದು. ಸುಲ್ತಾನನಿಗೆ ಗವಾನನ ಬಲದ ಬಗ್ಗೆ ರಾಜಕೀಯ ಅಂಜಿಕೆ ಇದ್ದಿರಲು ಸಾಧ್ಯ. ಗವಾನ್ ಸತ್ತರೆ ಲಾಭವಾಗುವವರು ಯಾರೆಂಬುದೂ ಬಹಿರಂಗವಾಗಿತ್ತು. ಒಥೆಲೊನಿಗೆ ಹೆಂಡತಿಯ ಸಾವಿನಿಂದ ನಷ್ಟವಲ್ಲದೆ ಬೇರೇನೂ ಇಲ್ಲ. ಬೀದರಿನಲ್ಲಿ ಪರದೇಶಿಯಾದವನು ಆರೋಪಿ, ಆದ್ದರಿಂದ ಅವನು ರಾಜ್ಯ ಮಾರಿದನೆಂದರೆ ಜನ ನಂಬಿದರು. ಸೈಪ್ರಸ್ಸಿನಲ್ಲಿ ಪರದೇಶಿಯಾದವನು ನ್ಯಾಯಾಧೀಶ, ಆದ್ದರಿಂದ ಊರಿನ ರೀತಿ ಹೀಗೇ ಎಂದರೆ ಅವನು ನಂಬಿದ.

ತೀರ್ಪಿನ ಅಭ್ಯಾಸ

ಅವಸರದ ಈ ತೀರ್ಪು ಒಥೆಲೊನ ಮೊದಲನೆಯದಲ್ಲ. ಎರಡನೆಯ ಅಂಕದಲ್ಲಿ ಕಾವಲಿನ ಹೊತ್ತಿಗೆ ಕುಡಿದ ಕ್ಯಾಸಿಯೊ ಗಲಾಟೆ ಮಾಡಿದಾಗ, ಒಥೆಲೊ ಇಯಾಗೊನೊಬ್ಬನ ವರದಿ ಕೇಳಿ, ಪ್ರಾಮಾಣಿಕತೆಯಿಂದಾಗಿ ಅವನು ತಪ್ಪನ್ನು ಮೃದುಮಾಡಿ ಹೇಳುತ್ತಿದ್ದಾನೆಂದು ಊಹಿಸಿಕೊಂಡು, ಅಲ್ಲೇ ನಿಂತು ಕ್ಯಾಸಿಯೊನನ್ನು ಹುದ್ದೆಯಿಂದ ತೆಗೆಯುತ್ತಾನೆ. ಆ ತೀರ್ಪಿನಲ್ಲಿ ಅಸೂಯೆಯ ಸುಳಿವೂ ಇಲ್ಲ. ರಣರಂಗದಲ್ಲಿ ತಕ್ಷಣ ನಿರ್ಧರಿಸುವವನು ಗೆಲ್ಲುತ್ತಾನೆ; ಒಂದು ಸಲ ಸಂಶಯ ಬಂತೆಂದರೆ ಅಲ್ಲಿಗೇ ತೀರ್ಮಾನ ಎಂದು ಒಥೆಲೊ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಇಯಾಗೊ ಆ ಅಭ್ಯಾಸವನ್ನು ಅಂದೇ ಪರೀಕ್ಷಿಸಿ ನೋಡಿದ್ದ. ಮರುದಿನ ಅದೇ ಯಂತ್ರಕ್ಕೆ ಬೇರೆ ಹೆಸರು ತುಂಬಿದ.

ಕೊನೆಯಲ್ಲಿ ಪ್ರಕರಣವನ್ನು ಬಿಡಿಸುವವಳು ಎಮಿಲಿಯಾ. ಗಂಡ ಕತ್ತಿ ಹಿರಿದು ಬಾಯಿ ಮುಚ್ಚೆಂದರೂ ಅವಳು ಕರವಸ್ತ್ರ ತಾನು ಎತ್ತಿ ಕೊಟ್ಟದ್ದೆಂದು ಹೇಳಿ, ಅದಕ್ಕಾಗಿ ಇರಿತಕ್ಕೊಳಗಾಗಿ ಸಾಯುತ್ತಾಳೆ. ಇಯಾಗೊ ಇನ್ನು ಮುಂದೆ ಒಂದು ಮಾತೂ ಆಡುವುದಿಲ್ಲವೆಂದು ಬಾಯಿ ಬಿಗಿಯುತ್ತಾನೆ; ವಿಚಾರಣೆ ನಿಜವಾಗಿ ಶುರುವಾಗುವ ಹೊತ್ತಿಗೆ ಅವನ ಮಾತು ನಿಲ್ಲುತ್ತದೆ. ಒಥೆಲೊ ತನ್ನನ್ನು ಇರಿದುಕೊಳ್ಳುವ ಮೊದಲು, ನನ್ನ ಬಗ್ಗೆ ಬರೆಯುವಾಗ ಏನನ್ನೂ ಕಡಿಮೆ ಮಾಡಬೇಡಿ, ಮತ್ಸರದಿಂದ ಏನನ್ನೂ ಸೇರಿಸಬೇಡಿ ಎಂದು ವೆನಿಸ್ಸಿನ ಪ್ರತಿನಿಧಿ ಲೊಡೊವಿಕೊನನ್ನು ಕೇಳುತ್ತಾನೆ. ಅದರ ಬೆನ್ನಿಗೇ ತಾನು ಸುಲಭವಾಗಿ ಅಸೂಯೆಪಡುವವನಲ್ಲವೆಂದು ಹೇಳಿಕೊಳ್ಳುತ್ತಾನೆ. ಈ ಸಾಲನ್ನು ನಮ್ಮ ಗುಂಪಿನ ಅರ್ಧದಷ್ಟು ಜನ ತಪ್ಪೊಪ್ಪಿಗೆಯ ಭಾಗವೆಂದು ಓದಿದರು, ಉಳಿದವರು ಇನ್ನೊಂದು ಸುಳ್ಳು ಸಾಕ್ಷ್ಯವೆಂದರು. ನಾನು ಎರಡನೆಯವರ ಕಡೆ.

ಬೀದರಿನಲ್ಲಿ ಮುಹಮ್ಮದ್ ಶಾಹ ಮರುವರ್ಷ ತೀರಿಕೊಂಡ; ಗವಾನನ ವಿರೋಧಿ ಪಕ್ಷದ ಮುಖ್ಯಸ್ಥ ಹಸನ್ ನಿಜಾಮುಲ್ ಮುಲ್ಕ್ ಬಾಲಕ ಸುಲ್ತಾನನ ಹೆಸರಿನಲ್ಲಿ ಆಡಳಿತ ಹಿಡಿದ, ಕೆಲವೇ ವರ್ಷಗಳಲ್ಲಿ ತಾನೂ ಕೊಲೆಯಾದ. ಸೈಪ್ರಸ್ಸಿನಲ್ಲಿ ಇಯಾಗೊನ ಶಿಕ್ಷೆಯ ಕಾಲ, ಸ್ಥಳ, ರೀತಿಯನ್ನು ನಿರ್ಧರಿಸುವ ಅಧಿಕಾರವನ್ನು ಲೊಡೊವಿಕೊ ಹೊಸ ಆಡಳಿತಾಧಿಕಾರಿಗೆ ಬಿಟ್ಟು ಹೊರಡುತ್ತಾನೆ. ಆ ಆಡಳಿತಾಧಿಕಾರಿ ಕ್ಯಾಸಿಯೊ. ಹಿಂದಿನ ರಾತ್ರಿ ಒಬ್ಬನ ವರದಿಯ ಮೇಲೆ ಹುದ್ದೆ ಕಳೆದುಕೊಂಡವನು, ಈಗ ಕಾಲಿನ ಗಾಯದಿಂದ ಕುರ್ಚಿಯ ಮೇಲೆ ಹೊತ್ತು ತರಲ್ಪಟ್ಟವನು.